ಮಡಿದ ಫಿರಂಗಿ ಅಧಿಕಾರಿಯ ಮನೆತನ ಹುಡುಕಲು ವಾರ್ ಗ್ರೇವ್ಸ್ ತಾಣ ಎಷ್ಟು ಉಪಯೋಗ?

ಮೊದಲ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ಸೇನಾಧಿಕಾರಿಯ ಸಮಾಧಿ ಎಲ್ಲಿದೆ ಎಂದು ತಿಳಿಯಲು, ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಉಚಿತ ಹುಡುಕಾಟ ಸೇವೆಗಿಂತ ನಂಬಿಕಸ್ಥ ಜಾಗ ಇನ್ನೊಂದಿಲ್ಲ. ಆದರೆ ಅವರು ಯಾರ ಮಗ, ಎಲ್ಲಿ ಓದಿದರು, ಮನೆಯಲ್ಲಿ ಯಾರ‍್ಯಾರಿದ್ದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ. ಅಷ್ಟೇ ಏಕೆ ಸಿಗುತ್ತದೆ ಎಂಬುದು ಗೊತ್ತಿದ್ದರೆ ಈ ಸೇವೆಯಿಂದ ಪೂರ್ತಿ ಪ್ರಯೋಜನ ಪಡೆಯಬಹುದು.

ಕವಿ ಎಡ್ವರ್ಡ್ ಥಾಮಸ್ ಅವರನ್ನೇ ತೆಗೆದುಕೊಳ್ಳೋಣ. ರಾಯಲ್ ಗ್ಯಾರಿಸನ್ ಆರ್ಟಿಲರಿಯ 244ನೇ ಸೀಜ್ ಬ್ಯಾಟರಿಯಲ್ಲಿ (ಭಾರೀ ಫಿರಂಗಿಗಳ ತುಕಡಿ) ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ ಅವರು 1917ರ ಏಪ್ರಿಲ್ 9ರಂದು, ಅರಾಸ್ ಕದನದ ಮೊದಲ ದಿನವೇ, 39ನೇ ವಯಸ್ಸಿನಲ್ಲಿ ಹತರಾದರು. ಹುಡುಕುವವರು ಎಡವುವುದು ಹೆಸರಿನಲ್ಲೇ. ಅವರ ಪೂರ್ಣ ಹೆಸರು ಫಿಲಿಪ್ ಎಡ್ವರ್ಡ್ ಥಾಮಸ್. ಮೇಲಾಗಿ ಥಾಮಸ್ ಎಂಬ ಅಡ್ಡಹೆಸರು ವೇಲ್ಸ್ ಕಡೆ ಮನೆಮನೆಯಲ್ಲೂ ಇದೆ. ಹಾಗಾಗಿ ಮೊದಲ ಹೆಸರಿನ ಖಾನೆ ಖಾಲಿ ಬಿಟ್ಟು, ಅಡ್ಡಹೆಸರು, ಮರಣದ ದಿನಾಂಕ, ರೆಜಿಮೆಂಟ್ ಇಷ್ಟನ್ನೇ ತುಂಬುವುದು ಲೇಸು. ಸರ್ವಿಸ್ ನಂಬರ್ ಖಾನೆಯನ್ನೂ ಮುಟ್ಟಬೇಡಿ. ಆ ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಸಿಪಾಯಿಗಳಂತೆ ನಂಬರ್ ಇರಲಿಲ್ಲ. ರೆಜಿಮೆಂಟ್ ಆರಿಸುವಾಗಲೂ ಎಚ್ಚರ ಬೇಕು. ಗ್ಯಾರಿಸನ್, ಫೀಲ್ಡ್, ಹಾರ್ಸ್ ಎಂದು ಫಿರಂಗಿ ದಳದಲ್ಲಿ ಆಗ ಮೂರು ವಿಭಾಗಗಳಿದ್ದವು. ಒಂದರ ಬದಲು ಇನ್ನೊಂದು ಒತ್ತಿದರೆ ಬೇಕಾದವರೇ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ಸರಿಯಾಗಿ ಹುಡುಕಿದರೆ ಫ್ರಾನ್ಸಿನ ಆನ್ಯಿ ಮಿಲಿಟರಿ ಸ್ಮಶಾನ, ಸಾಲು ಸಿ, ಸಮಾಧಿ 43 ಎಂದು ಕೈಹಿಡಿದು ತೋರಿಸಿದಷ್ಟು ಖಚಿತವಾಗಿ ಸಿಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಈ ತಾಣದ ನಿಜವಾದ ಬೆಲೆ ಇರುವುದು ದಾಖಲೆಗಳ ಜೊತೆ ಸೇರಿಸಿರುವ ಸ್ಕ್ಯಾನ್ ಪುಟಗಳಲ್ಲಿ: ಸಮಾಧಿ ನೋಂದಣಿಯ ಹಾಳೆ, ಕಲ್ಲಿನ ಮೇಲೆ ಏನು ಕೆತ್ತಬೇಕೆಂಬ ಪಟ್ಟಿ. ಕಲ್ಲಿನ ಬುಡದಲ್ಲಿ ಕುಟುಂಬದವರು ತಮ್ಮದೊಂದು ಸಾಲು ಕೆತ್ತಿಸಬಹುದಿತ್ತು. ಮಿತಿ 66 ಅಕ್ಷರ, ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ; ಅಕ್ಷರಕ್ಕೆ ಮೂರೂವರೆ ಪೆನ್ಸ್ ಶುಲ್ಕ. ಆಮೇಲೆ ಅದನ್ನು ಇಷ್ಟವಿದ್ದವರು ಕೊಟ್ಟರೆ ಸಾಕು ಎಂದು ಮಾಡಿದರು. ಈ ಪಟ್ಟಿಯಲ್ಲಿ ಬೇರೆಲ್ಲೂ ಸಿಗದ ಹೆಂಡತಿಯ ಅಥವಾ ತಾಯಿಯ ವಿಳಾಸ ಸಿಕ್ಕಿಬಿಡುವುದುಂಟು.

'ಇಂಥವರ ಮಗ, ಇಂಥವರ ಪತಿ' ಎಂಬ ಸಾಲು ಕೆಲವರಿಗಿದೆ, ಕೆಲವರಿಗಿಲ್ಲ. ಯುದ್ಧ ಮುಗಿದ ಮೇಲೆ ಕಮಿಷನ್ ಮನೆಗಳಿಗೆ ಫಾರಂ ಕಳಿಸಿ ಈ ವಿವರ ಕೇಳಿತ್ತು. ತುಂಬಿ ಕಳಿಸದವರದ್ದು, ಮನೆ ಬದಲಿಸಿದವರದ್ದು ಖಾಲಿ ಉಳಿಯಿತು. ಆದ್ದರಿಂದ ಆ ಜಾಗ ಖಾಲಿ ಇದ್ದರೆ 'ಹಿಂದೆಮುಂದೆ ಯಾರೂ ಇರಲಿಲ್ಲ' ಎಂದು ಬರೆಯುವುದು ದೊಡ್ಡ ತಪ್ಪು, ಸತ್ತವರಿಗೆ ಮಾಡುವ ಅನ್ಯಾಯ ಕೂಡ.

ಥಾಮಸ್ ಅವರ ಹಿಂದೆ ತುಂಬಿದ ಮನೆಯೇ ಇತ್ತು. ತಂದೆ ಫಿಲಿಪ್ ಹೆನ್ರಿ, ಲಂಡನ್ನಿನ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಸ್ಟಾಫ್ ಕ್ಲರ್ಕ್. ವೇಲ್ಸ್ ಮೂಲದ ಮನೆತನ. ಆರು ಗಂಡುಮಕ್ಕಳಲ್ಲಿ ಎಡ್ವರ್ಡ್ ಹಿರಿಯರು. ಆಕ್ಸ್‌ಫರ್ಡಿನಲ್ಲಿ ಓದುತ್ತಿರುವಾಗಲೇ, 1899ರಲ್ಲಿ, ಹೆಲೆನ್ ನೋಬಲ್ ಅವರನ್ನು ಮದುವೆಯಾದರು. ಮೆರ್ಫಿನ್, ಬ್ರಾನ್ವೆನ್, ಮೈಫಾನ್ವಿ ಎಂದು ಮೂವರು ಮಕ್ಕಳು. ವಯಸ್ಸು ಮೂವತ್ತೇಳಾಗಿದ್ದರೂ 1915ರಲ್ಲಿ ಆರ್ಟಿಸ್ಟ್ಸ್ ರೈಫಲ್ಸ್ ಎಂಬ ರೆಜಿಮೆಂಟ್ ಸೇರಿ, ನಕ್ಷೆ ಓದುವುದನ್ನು ಕಲಿಸುವ ಕೆಲಸದಲ್ಲಿದ್ದರು. ಅಲ್ಲಿಂದ ಫಿರಂಗಿ ದಳಕ್ಕೆ ತಾವೇ ಕೇಳಿಕೊಂಡು ಹೋದರು.

ಇಂಥ ವಿವರ ಬೇಕೆಂದರೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಸರ್ಕಾರಿ ದಾಖಲೆಗಳ ಭಂಡಾರ ನ್ಯಾಷನಲ್ ಆರ್ಕೈವ್ಸ್‌ಗೆ ಮೊರೆಹೋಗಬೇಕು. ಅಧಿಕಾರಿಗಳ ಫೈಲುಗಳು ಡಬ್ಲ್ಯುಓ (ವಾರ್ ಆಫೀಸ್) 339 ಎಂಬ ದಾಖಲೆ ಸರಣಿಯಲ್ಲಿವೆ, ಟೆರಿಟೋರಿಯಲ್ ಅಂದರೆ ಅರೆಕಾಲಿಕ ಸೇನೆಯ ಅಧಿಕಾರಿಗಳದ್ದು ಡಬ್ಲ್ಯುಓ 374ರಲ್ಲಿ. ಮೂಲ ಸೇವಾ ದಾಖಲೆಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಉಳಿದಿರುವುದು ಪತ್ರವ್ಯವಹಾರದ ಫೈಲು. ಅದರಲ್ಲಿ ಅಧಿಕಾರಿ ಹುದ್ದೆಗೆ ಹಾಕಿದ ಅರ್ಜಿ ಇದ್ದರೆ ತಂದೆಯ ಹೆಸರು, ಓದಿದ ಶಾಲೆ ಎರಡೂ ಸಿಗುತ್ತವೆ. ಯಾರಿಗೆ ಯಾವ ಪದಕ ಸಲ್ಲಬೇಕೆಂದು ಬರೆದಿಟ್ಟ ಪದಕದ ಕಾರ್ಡ್ ನೋಡುವಾಗ ಇನ್ನೊಂದು ಮಾತು ನೆನಪಿರಲಿ: ಅಧಿಕಾರಿಗಳ ಪದಕಕ್ಕೆ ಅವರೋ ಮನೆಯವರೋ ಅರ್ಜಿ ಹಾಕಬೇಕಿತ್ತು. ವಿವರ ಅರ್ಧಂಬರ್ಧ ಇದ್ದರೆ ಗಾಬರಿ ಬೇಡ.

ಸಾವು ಹೇಗಾಯಿತು ಎಂಬುದನ್ನು ಕಮಿಷನ್ ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಶೆಲ್ಲಿನ (ಫಿರಂಗಿ ಗುಂಡಿನ) ಗಾಳಿಹೊಡೆತಕ್ಕೆ ಹೃದಯ ನಿಂತಿತು, ಮೈಮೇಲೆ ಒಂದು ಗೀರೂ ಇರಲಿಲ್ಲ ಎಂಬ ಮಾತು ಥಾಮಸ್ ಬಗ್ಗೆ ದಶಕಗಟ್ಟಲೆ ನಡೆಯಿತು. ಬ್ಯಾಟರಿಯ ಕಮಾಂಡರ್ ಫ್ರಾಂಕ್ಲಿನ್ ಲಷಿಂಗ್ಟನ್ ಮುಂದೆ ಬರೆದ ಪತ್ರವೊಂದು ಬೆಳಕಿಗೆ ಬಂದಾಗ, ಶೆಲ್ ನೇರ ಎದೆಯನ್ನೇ ತೂರಿಹೋಗಿತ್ತು ಎಂದು ಗೊತ್ತಾಯಿತು. ಹೆಂಡತಿಗೆ ಸಮಾಧಾನ ಹೇಳಲು ಬರೆದದ್ದನ್ನೂ ಸಾಕ್ಷ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಸೇವೆಯ ದೊಡ್ಡ ಕೊರತೆ ನಮ್ಮವರೂ ಸೇರಿ ಏಷ್ಯಾ, ಆಫ್ರಿಕಾದವರ ವಿಷಯದಲ್ಲಿದೆ. ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯ ಕನಿಷ್ಠ 1,16,000 ಮಂದಿ, ಬಹುಶಃ 3,50,000ದವರೆಗೂ, ಹೆಸರು ಹಿಡಿದು ಸ್ಮರಿಸಲ್ಪಟ್ಟಿಲ್ಲ ಎಂದು 2021ರ ವರದಿಯಲ್ಲಿ ಕಮಿಷನ್ನೇ ಒಪ್ಪಿಕೊಂಡಿತು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಹೆಸರುಗಳೂ ಸಾಕಷ್ಟಿವೆ. ಹಾಗಾಗಿ ಭಾರತೀಯ ಸೈನಿಕರನ್ನು ಹುಡುಕುವಾಗ ಹೆಸರಿನ ಬದಲು ರೆಜಿಮೆಂಟ್ ಮತ್ತು ಸ್ಮಾರಕದಿಂದ ಶುರುಮಾಡಿ. ಫ್ರಾನ್ಸಿನಲ್ಲಿ ಮಡಿದು ಸಮಾಧಿ ಗುರುತಾಗದವರಿಗೆ ನವ್ ಶಪೆಲ್ ಸ್ಮಾರಕದ ಪಟ್ಟಿ ತೆರೆದು, ಒಂದೇ ಹೆಸರನ್ನು ನಾಲ್ಕೈದು ಸ್ಪೆಲ್ಲಿಂಗಿನಲ್ಲಿ ಓದಿ ನೋಡಿ.