ಗ್ರೂಪ್ ಕ್ಯಾಲೆಂಡರ್ ಹಾಕಿಸುವವರೇ, ಬರೀ ಡೆಮೋ ನೋಡಿ ಒಪ್ಪಿಕೊಳ್ಳಬೇಡಿ

ಆಫೀಸಿನ ಸರ್ವರ್ ಮೇಲೆ ಎಲ್ಲರೂ ಬಳಸುವಂಥ ಕ್ಯಾಲೆಂಡರ್ ಹಾಕಿಸೋ ಯೋಚನೆ ಇದ್ದರೆ ಮೊದಲು ಇದನ್ನು ಓದಿ. ದುಡ್ಡೂ ಹೋಯಿತು, ಮಾನವೂ ಹೋಯಿತು. ಆ ಸಿಟ್ಟಲ್ಲೇ ಬರೆಯುತ್ತಿದ್ದೇನೆ.

ನಾವು ಕೇಳಿದ್ದು ದೊಡ್ಡದೇನಲ್ಲ. ಮೀಟಿಂಗ್ ರೂಮಿಗೊಂದು ಕ್ಯಾಲೆಂಡರ್, ರಜೆಗೊಂದು, ಪ್ರತಿ ವಿಭಾಗಕ್ಕೂ ಒಂದೊಂದು. ಯಾರೇ ಆಗಲಿ ತಮ್ಮ ಔಟ್‌ಲುಕ್‌ನಿಂದಲೇ ಬುಕ್ ಮಾಡಬೇಕು, ಬೇಡವಾದರೆ ತೆಗೆಯಬೇಕು, ಅದು ಉಳಿದವರಿಗೂ ಕಾಣಬೇಕು. ಅಷ್ಟೇ. ವೆಂಡರ್ ಕಡೆಯವನು "ನೆಕ್ಸ್ಟ್‌ಕ್ಲೌಡ್ ಹಾಕಿಕೊಡ್ತೀವಿ ಸರ್, ಎರಡೂ ಕಡೆ ಸಿಂಕ್ ಆಗುತ್ತೆ" ಅಂದ. ನೆಕ್ಸ್ಟ್‌ಕ್ಲೌಡ್ ಅಂದರೆ ನಮ್ಮದೇ ಸರ್ವರ್ ಮೇಲೆ ಹಾಕಿಕೊಂಡು ಫೈಲ್, ಕ್ಯಾಲೆಂಡರ್ ಎಲ್ಲ ಹಂಚಿಕೊಳ್ಳೋ ಸಾಫ್ಟ್‌ವೇರ್. ಬಾಯಲ್ಲಿ ಮಾತ್ರ ಅಲ್ಲ, ಮೇಲ್‌ನಲ್ಲೂ ಬರೆದ. ಆ ಮೇಲ್ ಈಗಲೂ ನನ್ನ ಹತ್ತಿರ ಇದೆ.

ಡೆಮೋ ದಿನ ಪ್ರೊಜೆಕ್ಟರ್ ಹಾಕಿ ಕೂತ. ತನ್ನ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್‌ನಲ್ಲಿ ನೆಕ್ಸ್ಟ್‌ಕ್ಲೌಡ್ ತೆರೆದು ಒಂದು ಮೀಟಿಂಗ್ ಸೇರಿಸಿದ. ಔಟ್‌ಲುಕ್‌ಗೆ ಹೋಗಿ ರಿಫ್ರೆಶ್ ಒತ್ತಿದ. ಬಂತು! ನಮ್ಮ ಬಾಸ್ ತಲೆದೂಗಿದರು. ನಮ್ಮಲ್ಲೇ ಒಬ್ಬರು "ಈಗ ಔಟ್‌ಲುಕ್‌ನಲ್ಲಿ ಹಾಕಿ ಆ ಕಡೆ ತೋರಿಸಿ" ಅಂದರು. "ಅದೂ ಹಾಗೇನೇ ಸರ್" ಅಂತ ಹೇಳಿ ಮುಂದಿನ ಸ್ಲೈಡ್‌ಗೆ ಹೋದ. ಅದೂ ಹಾಗೇನೇ! ಈ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಸಮಸ್ಯೆ ಶುರುವಾಗಿದ್ದು ಆಮೇಲೆ. ಔಟ್‌ಲುಕ್‌ನಲ್ಲಿ ಸೇರಿಸೋಕೆ ಹೋದವರಿಗೆಲ್ಲ ಸೇವ್ ಆಗ್ತಿಲ್ಲ. ಕೇಳಿದರೆ "ಸದ್ಯಕ್ಕೆ ಬ್ರೌಸರ್‌ನಲ್ಲಿ ಹಾಕಿ ಸರ್, ಸೆಟ್ಟಿಂಗ್ ನಡೀತಿದೆ" ಅನ್ನೋ ಉತ್ತರ. ಬ್ರೌಸರ್‌ನಲ್ಲಿ ಹಾಕಿದ್ದು ಔಟ್‌ಲುಕ್‌ಗೆ ಬರೋದಕ್ಕೆ ಗಂಟೆಗಟ್ಟಲೆ ಬೇಕು. ಒಂದು ದಿನ ಹೊರಗಿನಿಂದ ಬಂದ ಕ್ಲೈಂಟ್‌ಗಳನ್ನು ಕರೆದುಕೊಂಡು ಮೀಟಿಂಗ್ ರೂಮಿನ ಬಾಗಿಲು ತೆಗೆದೆ. ಒಳಗೆ ಇಂಟರ್‌ವ್ಯೂ ನಡೀತಿದೆ! ಎಚ್‌ಆರ್ ಮೇಡಂ ಬೆಳಿಗ್ಗೆಯೇ ಬುಕ್ ಮಾಡಿದ್ದರಂತೆ. ನನ್ನ ಸ್ಕ್ರೀನ್‌ನಲ್ಲಿ ಮಾತ್ರ ರೂಮ್ ಖಾಲಿ. ಕ್ಲೈಂಟ್‌ಗಳು ಕಾರಿಡಾರ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ನಿಂತರು. ಬಾಸ್ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ಸಂಜೆ ಕೂತು ಔಟ್‌ಲುಕ್‌ನ ಅಕೌಂಟ್ ಸೆಟ್ಟಿಂಗ್ಸ್ ತೆರೆದೆ. ನಮ್ಮ ಕ್ಯಾಲೆಂಡರ್‌ಗಳೆಲ್ಲ 'ಇಂಟರ್ನೆಟ್ ಕ್ಯಾಲೆಂಡರ್ಸ್' ಅನ್ನೋ ಟ್ಯಾಬ್‌ನಲ್ಲಿ ಸಾಲಾಗಿ ಕೂತಿವೆ. ಅಂದರೆ ಬರೀ ಐಸಿಎಸ್ ಲಿಂಕ್, ಕ್ಯಾಲೆಂಡರ್‌ನ ಪ್ರತಿ ಕೊಡೋ ಒಂದು ವಿಳಾಸ. ನೋಡಬಹುದು, ಮುಟ್ಟೋಹಾಗಿಲ್ಲ. ಔಟ್‌ಲುಕ್ ಆಗಾಗ ಹೋಗಿ ಹೊಸ ಪ್ರತಿ ಎಳೆದುಕೊಂಡು ಬರುತ್ತೆ, ಅಷ್ಟೇ. ಇಲ್ಲಿಂದ ಆ ಕಡೆಗೆ ಏನೂ ಹೋಗಲ್ಲ. ನೋಟಿಸ್ ಬೋರ್ಡ್ ತಂದು ಗೋಡೆಗೆ ಹೊಡೆದು, ರಿಜಿಸ್ಟರ್ ಅಂತ ಬಿಲ್ ಮಾಡಿದ್ದಾನೆ.

ನೆಕ್ಸ್ಟ್‌ಕ್ಲೌಡ್‌ನದೇನೂ ತಪ್ಪಿಲ್ಲ. ಎರಡೂ ಕಡೆ ಬದಲಾಯಿಸೋಕೆ ಅದರಲ್ಲಿ ಕ್ಯಾಲ್‌ಡ್ಯಾವ್ ಅನ್ನೋ ಸ್ಟ್ಯಾಂಡರ್ಡ್ ವಿಧಾನ ಇದೆ. ಈ ಸ್ಟ್ಯಾಂಡರ್ಡ್ 2007ರಿಂದಲೂ ಇದೆ. ಥಂಡರ್‌ಬರ್ಡ್‌ಗೆ ಬರುತ್ತೆ, ಐಫೋನ್‌ಗೆ ಬರುತ್ತೆ, ಆಂಡ್ರಾಯ್ಡ್‌ಗೆ ಒಂದು ಆ್ಯಪ್ ಹಾಕಿದರೆ ಸಾಕು. ಔಟ್‌ಲುಕ್‌ಗೆ ಮಾತ್ರ ತಾನಾಗಿ ಬರಲ್ಲ, ಆ್ಯಡ್-ಇನ್ ಅನ್ನೋ ಬೇರೆ ಪುಟ್ಟ ಸಾಫ್ಟ್‌ವೇರ್ ಸೇರಿಸಬೇಕು. ಈ ಕೆಲಸ ಮಾಡುವವನಿಗೆ ಇದು ಗೊತ್ತಿರಲ್ವಾ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಡೆಮೋದಲ್ಲಿ ಆ ಕಡೆಯಿಂದ ಮಾತ್ರ ತೋರಿಸಿದ್ದು.

ಫೋನ್ ಮಾಡಿದೆ. ಮೊದಲ ಉತ್ತರ: "ಕ್ಯಾಶ್ ಕ್ಲಿಯರ್ ಮಾಡಿ ಸರ್." ಟ್ಯಾಬ್‌ನ ಸ್ಕ್ರೀನ್‌ಶಾಟ್ ಕಳಿಸಿದೆ. "ಕಾಣ್ತಿದೆ ಅಲ್ವಾ ಸರ್?" ಅಂದ. ಕಾಣೋದಕ್ಕೇನಾ ದುಡ್ಡು ಕೊಟ್ಟಿದ್ದು? ಅವನದೇ ಮೇಲ್ ತೆಗೆದು ಕಳಿಸಿದೆ. "ಅದು ಜನರಲ್ ಆಗಿ ಹೇಳಿದ್ದು ಸರ್, ಎಡಿಟಿಂಗ್ ಅಂತ ಕೊಟೇಶನ್‌ನಲ್ಲಿ ಎಲ್ಲಿದೆ? ಬೇಕಿದ್ರೆ ಇನ್ನೊಂದು ಕೊಟೇಶನ್ ಕಳಿಸ್ತೀನಿ." ಇನ್ನೊಂದು ಕೊಟೇಶನ್ ಅಂತೆ!

ಇನ್ನೂ ಇದೆ. ಆ ಲಿಂಕ್‌ಗಳಿಗೆ ಪಾಸ್‌ವರ್ಡ್ ಇಲ್ಲ. ಲಿಂಕ್ ಯಾರ ಕೈಗೆ ಸಿಕ್ಕರೂ ಎಲ್ಲಾ ಕಾಣುತ್ತೆ. ಇಂಟರ್‌ವ್ಯೂಗೆ ಬರುವವರ ಹೆಸರು, ಯಾರು ಯಾಕೆ ರಜೆ ಹಾಕಿದ್ದಾರೆ, ಎಲ್ಲಾ. ಕೆಲಸ ಬಿಟ್ಟು ಹೋದವರ ಮೇಲ್‌ನಲ್ಲೂ ಆ ಲಿಂಕ್ ಇದೆ. ಎಚ್‌ಆರ್ ಮೇಡಂಗೆ ಇದನ್ನು ಹೇಳುವಾಗ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಸರಿ, ಲಿಂಕ್‌ಗಳನ್ನಾದರೂ ತೆಗೆಯೋಣ ಅಂದರೆ ಅಷ್ಟೂ ಕ್ಯಾಲೆಂಡರ್ ಅವನ ಲಾಗಿನ್‌ನಲ್ಲೇ ಇವೆ. ಆ ಅಕೌಂಟ್ ಅಳಿಸಿದರೆ ಕ್ಯಾಲೆಂಡರ್‌ಗಳೂ ಅದರ ಜೊತೆಗೇ ಹೋಗುತ್ತವೆ. ಅಡ್ಮಿನ್ ಪಾಸ್‌ವರ್ಡ್ ಕೇಳಿದೆ. "ಸೆಕ್ಯೂರಿಟಿ ಪಾಲಿಸಿ ಸರ್, ಕೊಡೋಕಾಗಲ್ಲ." ನಮ್ಮ ಸರ್ವರ್, ನಮ್ಮ ಕ್ಯಾಲೆಂಡರ್, ಪಾಲಿಸಿ ಅವನದು! ಲಿಂಕ್‌ಗೆ ಪಾಸ್‌ವರ್ಡ್ ಹಾಕದೇ ಬಿಟ್ಟಾಗ ಈ ಪಾಲಿಸಿ ಎಲ್ಲಿತ್ತೋ.

ನೀವು ಹಾಕಿಸುವುದಾದರೆ ಡೆಮೋದಲ್ಲಿ ಮೌಸ್ ನಿಮ್ಮ ಕೈಗೆ ತೆಗೆದುಕೊಳ್ಳಿ. ನಿಮ್ಮ ಮೆಷಿನ್‌ನಿಂದ ಒಂದು ಎಂಟ್ರಿ ಸೇರಿಸಿ, ಸಮಯ ಬದಲಾಯಿಸಿ, ಅಳಿಸಿ. ಇನ್ನೊಬ್ಬರ ಫೋನ್‌ನಲ್ಲಿ ಮೂರೂ ಕಾಣಬೇಕು. "ಅದೂ ಹಾಗೇನೇ" ಅಂದರೆ ಎದ್ದು ಬನ್ನಿ. ಅಡ್ಮಿನ್ ಪಾಸ್‌ವರ್ಡ್ ಕೈಗೆ ಬರೋವರೆಗೂ ಕೊನೆಯ ಕಂತು ಕೊಡಬೇಡಿ.

ನಮ್ಮಲ್ಲಿ ಈಗ ಮೀಟಿಂಗ್ ರೂಮ್ ಬುಕಿಂಗ್ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ನಡೀತಿದೆ. ಪಾಸ್‌ವರ್ಡ್ ಇನ್ನೂ ಬಂದಿಲ್ಲ. ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ರಿನ್ಯೂ ಮಾಡಿಸಿ ಅಂತ ಮಾತ್ರ ಬಿಡದೆ ಫೋನ್ ಬರ್ತಿದೆ.