ಹಳೆಯ ಮಾರುತಿ 800ಕ್ಕೆ ಡಾಟ್ 4 ಬ್ರೇಕ್ ಆಯಿಲ್: ಆರು ವರ್ಷಗಳ ಬಳಕೆಯ ನಂತರ

ನಮ್ಮ ಮನೆಯ ಮಾರುತಿ 800 1999ರ ಮಾದರಿಯದು. ಪರ್ಕಳದಿಂದ ಉಡುಪಿಗೆ ದಿನನಿತ್ಯದ ಓಡಾಟಕ್ಕೂ, ವರ್ಷದಲ್ಲಿ ಐದಾರು ಸಲ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗಿಬರುವುದಕ್ಕೂ ನಮಗೆ ಇದೊಂದೇ ವಾಹನ. ಇದರ ಬ್ರೇಕಿಗೆ ಡಾಟ್ 4 ದರ್ಜೆಯ ಆಯಿಲ್ (ಡಾಟ್ ಎಂಬುದು ಬ್ರೇಕ್ ಆಯಿಲ್‌ನ ಗುಣಮಟ್ಟದ ಗುರುತು) ಹಾಕಲು ತೊಡಗಿ ಆರು ವರ್ಷ ತುಂಬಿತು.

ಈ ಕಾರಿಗೆ ಕಂಪನಿ ಹೇಳಿರುವುದು ಡಾಟ್ 3. ಎರಡೂ ಗ್ಲೈಕಾಲ್ ಎಂಬ ರಾಸಾಯನಿಕದ ಮೂಲದವೇ ಆದ್ದರಿಂದ ಡಾಟ್ 3 ಇದ್ದಲ್ಲಿ ಡಾಟ್ 4 ಹಾಕಿದರೆ ಆಯಿಲ್ ಸೋರದಂತೆ ಸಿಲಿಂಡರಿನೊಳಗೆ ಇರುವ ರಬ್ಬರ್ ಕಪ್‌ಗಳಿಗೆ ಏನೂ ಆಗುವುದಿಲ್ಲ. ಹೊಸದಾಗಿರುವಾಗ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ನಮ್ಮ ಕರಾವಳಿಯಲ್ಲಿ ನೋಡಬೇಕಾದದ್ದು ಈ ಎರಡನೆಯ ಜೋಡಿಯನ್ನೇ, ಏಕೆಂದರೆ ಗ್ಲೈಕಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಸಲು ಹಿಡಿಯುತ್ತದೆ. ಅಂಗಡಿಯೊಂದರಲ್ಲಿ, ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದೆಂದು ನನಗೆ ಡಾಟ್ 5 ಕೊಡಲು ನೋಡಿದರು. ಡಾಟ್ 5.1 ಗ್ಲೈಕಾಲ್ ಮೂಲದ್ದು. ಡಾಟ್ 5 ಸಿಲಿಕೋನ್ ಮೂಲದ್ದು, ಅದನ್ನು ಬೇರೆ ಯಾವುದರೊಂದಿಗೂ ಬೆರೆಸಬಾರದು. ಹಳೆಯ ಕಾರು ಇಟ್ಟುಕೊಂಡವರು ಈ ಒಂದು ಚುಕ್ಕೆಯನ್ನು ಕಣ್ಣಿಟ್ಟು ನೋಡಬೇಕು.

ಎರಡು ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಭಾನುವಾರ, ಮುಂಗಾರಿಗೆ ಮೊದಲು ಆಯಿಲ್ ಪೂರ್ತಿ ಬದಲಾಯಿಸುತ್ತೇನೆ. ಬೆಳಗಿನ ಚಹಾ ಮುಗಿದೊಡನೆ ಮಗಳು ಚಾಲಕನ ಸೀಟಿನಲ್ಲಿ ಕೂರುತ್ತಾಳೆ, ನಾನು ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದ ಬಳಿ ನೆಲಕ್ಕೆ ಗೋಣಿ ಹಾಸಿ ಕೂರುತ್ತೇನೆ. ಆಯಿಲ್ ಹೊರಬಿಡಲು ಚಕ್ರದ ಹಿಂದೆ ಇರುವ ಸಣ್ಣ ತಿರುಪಾದ ನಿಪ್ಪಲ್‌ಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿ, "ಒತ್ತು" ಎನ್ನುತ್ತೇನೆ. ಅವಳು "ಒತ್ತಿದೆ ಅಪ್ಪಾ" ಎಂದ ಮೇಲೆ ನಿಪ್ಪಲ್ ಸಡಿಲಿಸಿ, ಬಿಗಿಮಾಡಿ, "ಬಿಡು" ಎನ್ನುತ್ತೇನೆ. ನಳಿಗೆಯಲ್ಲಿ ಮೊದಲು ಕಷಾಯದಂತಹ ಕಂದು ಬಣ್ಣ ಬರುತ್ತದೆ, ಬಳಿಕ ಗುಳ್ಳೆಗಳು, ಕೊನೆಗೆ ತಿಳಿಯಾದ ಜೇನಿನ ಬಣ್ಣ. ಆ ಬಣ್ಣ ಕಂಡಾಗ ಮನಸ್ಸಿಗೆ ಸಿಗುವ ನೆಮ್ಮದಿ ದೊಡ್ಡದು. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು, ಏಕೆಂದರೆ ಈ ಆಯಿಲ್ ಕಾರಿನ ಬಣ್ಣದ ಮೇಲೆ ಬಿದ್ದು ತಕ್ಷಣ ತೊಳೆಯದಿದ್ದರೆ ಬಣ್ಣ ಉಬ್ಬಿ ಏಳುತ್ತದೆ.

ಇಷ್ಟರವರೆಗೆ ಹೇಳಿದ್ದು ಮೆಚ್ಚುಗೆಯ ಮಾತು. ನನ್ನ ತಕರಾರು ಇರುವುದು ಬಾಟಲಿಯ ಅಳತೆಯ ಬಗ್ಗೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅರ್ಧ ಲೀಟರ್ ಮತ್ತು ಒಂದು ಲೀಟರಿನ ಬಾಟಲಿಗಳು. ಉಳಿತಾಯವೆಂದು ಒಂದು ಲೀಟರ್ ಕೊಂಡು, ಅರ್ಧದಷ್ಟು ಬಳಸಿ, ಉಳಿದುದರ ಮುಚ್ಚಳ ಬಿಗಿದು ಕಪಾಟಿನಲ್ಲಿ ಇಟ್ಟಿದ್ದೆ. ಮರುವರ್ಷ ಹಿಂದಿನ ಚಕ್ರದ ಸಿಲಿಂಡರ್ ಸೋರಿದಾಗ ಕಪ್ ಬದಲಾಯಿಸಿ, ನಾಲ್ಕೂ ಚಕ್ರಗಳಿಗೆ ಅದೇ ಆಯಿಲ್ ಹರಿಸಿದೆ. ಒಂದು ಮಳೆಗಾಲವನ್ನು ಪೂರ್ತಿ ಕಂಡ ಬಾಟಲಿ ಅದು. ಆದರೂ ಬಣ್ಣ ತಿಳಿಯಾಗಿತ್ತು, ನಾನು ಬಣ್ಣವನ್ನೇ ನಂಬಿದೆ. ಮೂರು ವಾರದ ಬಳಿಕ, ನಾಲ್ವರು ಕುಳಿತ ಕಾರಿನಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಅರ್ಧ ಇಳಿದಿರುವಾಗ ಪೆಡಲ್ ಮೆತ್ತಗಾಯಿತು, ಮುಂದಿನ ಒತ್ತಿಗೆ ನೆಲದ ಹತ್ತಿರಕ್ಕೇ ಹೋಯಿತು. ಪೆಡಲನ್ನು ಮತ್ತೆ ಮತ್ತೆ ಒತ್ತುತ್ತ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಬೆಟ್ಟದ ಬದಿಗೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆಯಲ್ಲಿ ಚಕ್ರಗಳು ತಣಿದ ಮೇಲೆ ಪೆಡಲ್ ಮೊದಲಿನಂತೆ ಗಟ್ಟಿಯಾಯಿತು.

ಮರುದಿನ ಗ್ಯಾರೇಜಿನವರು ಪೆನ್ನಿನಂತಹ ಪರೀಕ್ಷಕವನ್ನು ಆಯಿಲ್‌ಗೆ ಅದ್ದಿದಾಗ ಕೆಂಪು ದೀಪ ಉರಿಯಿತು. "ಮಾಷ್ಟ್ರೇ, ಒಡೆದಿಟ್ಟ ಬಾಟಲಿಯದ್ದು ಹಾಕಿದ್ದೀರಾ?" ಎಂದು ಕೇಳಿದರು. ಸತತವಾಗಿ ಬ್ರೇಕ್ ಒತ್ತಿದಾಗ ಹುಟ್ಟುವ ಕಾವು ಆಯಿಲ್‌ಗೆ ತಾಗಿ, ಅದರೊಳಗಿನ ನೀರು ಆವಿಯಾಗುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ಹಾಗಾಗಿ ಪಾದದ ಒತ್ತಡ ಚಕ್ರಕ್ಕೆ ತಲುಪುವುದೇ ಇಲ್ಲ. ಮೂರನೆಯ ಗೇರಿನಲ್ಲಿ, ಬ್ರೇಕನ್ನೇ ನಂಬಿ ಇಳಿದದ್ದು ನನ್ನದೇ ತಪ್ಪು. ಆದರೆ ತೆರೆದ ಬಾಟಲಿಯನ್ನು ಮಳೆಗಾಲ ದಾಟಿಸಬಾರದು ಎಂಬ ಎಚ್ಚರಿಕೆ, ನಾನು ಕೊಂಡ ಬಾಟಲಿಯ ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಜೀವಕ್ಕೆ ಸಂಬಂಧಿಸಿದ ಮಾತನ್ನು ಕನ್ನಡದಲ್ಲಿ, ಮುಂಬದಿಯಲ್ಲೇ ಅಚ್ಚು ಹಾಕಬೇಕು.

ಇಷ್ಟಾದರೂ ಡಾಟ್ 4 ಬಿಟ್ಟಿಲ್ಲ. ಕಾಲು ಲೀಟರಿನ ಬಾಟಲಿಗಳು ಮಂಗಳೂರಿನಲ್ಲಿ ಸಿಕ್ಕವು. ಲೆಕ್ಕ ಹಾಕಿದರೆ ತುಸು ದುಬಾರಿ, ಪಿಂಚಣಿಯ ಹಣದಲ್ಲೂ ಅದು ಹೊರೆಯೆನಿಸುವುದಿಲ್ಲ. ಕೆಲಸ ಶುರುಮಾಡುವ ಹೊತ್ತಿಗೆ ಒಂದೊಂದಾಗಿ ಸೀಲ್ ಒಡೆಯುತ್ತೇನೆ. ಮಿಕ್ಕಿದ್ದನ್ನು ಚರಂಡಿಗೆ ಸುರಿಯದೆ, ತೆಗೆದ ಹಳೆಯ ಆಯಿಲ್ ಜೊತೆಗೆ ಗ್ಯಾರೇಜಿನ ಡಬ್ಬಿಗೆ ಕೊಡುತ್ತೇನೆ. ಕಳೆದ ತಿಂಗಳು ತೀರ್ಥಹಳ್ಳಿಯಿಂದ ಎರಡನೆಯ ಗೇರಿನಲ್ಲಿ ಘಾಟಿ ಇಳಿದು ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ ಪೆಡಲ್ ಒತ್ತಿ ನೋಡಿದೆ. ಹೊರಟಾಗ ಎಷ್ಟು ಎತ್ತರದಲ್ಲಿತ್ತೋ ಅಲ್ಲಿಯೇ ಇತ್ತು.