ಹಳೇ ಚಾಕುವಿಗೆ ಹೊಸ ಹಿಡಿ: ತೇಗ, ಬೀಟೆ, ಹುಣಸೆ, ಹೈಲಮ್‌ಗಳಲ್ಲಿ ಯಾವುದು ಬಾಳಿತು?

ಹಳೇ ಚಾಕುಗಳಲ್ಲಿ ಮೊದಲು ಕೈಕೊಡುವುದು ಅಲಗಲ್ಲ, ಹಿಡಿ. ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ ಬಳಸಿದ ಕಬ್ಬಿಣದ ಚಾಕುಗಳಿವೆ. ಸಾಣೆ ಹಿಡಿಸಿದರೆ ಇವತ್ತಿಗೂ ಹಣ್ಣು ಟೊಮ್ಯಾಟೊವನ್ನು ಒತ್ತದೆ ಸೀಳುತ್ತವೆ. ಇಂಥ ಅಲಗನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಒಂದೊಂದಕ್ಕೆ ಒಂದೊಂದು ಬಗೆಯ ಹಿಡಿ ಹಾಕಿ, ಎಲ್ಲವನ್ನೂ ಒಂದೇ ಅಡುಗೆಮನೆಯಲ್ಲಿ ಬಳಸಿ, ಬೆಂಗಳೂರಿನ ಮಳೆಗಾಲವನ್ನೂ ಬೇಸಿಗೆಯನ್ನೂ ದಾಟಿಸಿ ನೋಡಿದೆ.

ಮರ ಸವೆದು ಹಿಡಿ ಹಾಳಾಗುವುದು ಅಪರೂಪ. ಉಕ್ಕಿಗೂ ಮರಕ್ಕೂ ನಡುವಿನ ಸಂದಿಗೆ ನೀರಿಳಿದು ಒಳಗೆ ತುಕ್ಕು ಏಳುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಆ ಉಬ್ಬರವೇ ಮರವನ್ನು ಒಳಗಿನಿಂದ ಬಿರಿಸುವುದು. ಹಳೇ ಹಿಡಿ ಬಿಚ್ಚಿದಾಗ ಕಪ್ಪು ಪುಡಿ ಉದುರುತ್ತದಲ್ಲ, ಅದೇ ಇದು. ಆದ್ದರಿಂದ ಆ ಸಂದಿ ಎಷ್ಟು ಕಾಲ ಬಿಗಿಯಾಗಿರುತ್ತದೆ ಎಂಬುದೇ ನನಗೆ ಅಳತೆಗೋಲಾಯಿತು, ಅಂದಚೆಂದ ಆಮೇಲಿನ ಮಾತು.

ಇನ್ನೊಂದು ವಿಷಯ. ಚಾಕುಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಅಗಲವಾಗಿ ಬಂದಿರುತ್ತದೆ. ಎರಡೂ ಪಕ್ಕಕ್ಕೆ ಪಟ್ಟಿ ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ಇನ್ನೊಂದರಲ್ಲಿ ಉಕ್ಕು ಮೊನಚು ಬಾಲದಂತೆ ಸಣ್ಣಗಾಗಿ ಹಿಡಿಯ ತೂತಿನೊಳಗೆ ಹೋಗಿರುತ್ತದೆ. ಕುಲುಮೆಯಲ್ಲಿ ಮಾಡಿಸಿದವು ಬಹುಪಾಲು ಈ ಬಾಲದವು. ಎರಡಕ್ಕೂ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ಸಾಣೆ ಹಿಡಿಯುವವರ ಹತ್ತಿರ ಸಿಗುವ ಸಿದ್ಧ ಪ್ಲಾಸ್ಟಿಕ್ ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನೀರಿಗೂ ಹೆದರುವುದಿಲ್ಲ. ಆದರೆ ಒಳಗೆ ಪೊಳ್ಳು, ಬಾಲ ಅಲ್ಲಾಡತೊಡಗುತ್ತದೆ. ಎಣ್ಣೆಗೈಯಲ್ಲಿ ಜಾರುವ ಹಿಡಿ ನನಗಂತೂ ಬೇಡ.

ತೇಗ ಸಿಗುವುದು ಸುಲಭ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗಿ "ಅಣ್ಣ, ಒಂದು ಗೇಣುದ್ದ ತುಂಡು ಇದ್ರೆ ಕೊಡಿ" ಅಂದರೆ ಕತ್ತರಿಸಿ ಉಳಿದ ರಾಶಿಯನ್ನೇ ತೋರಿಸುತ್ತಾರೆ. ತೇಗದಲ್ಲಿ ಎಣ್ಣೆಯಂಶ ಇದೆ, ನೀರನ್ನು ತಡೆಯುತ್ತದೆ. ಅದೇ ಎಣ್ಣೆ ಅಂಟನ್ನೂ ತಡೆಯುತ್ತದೆ. ಪಟ್ಟಿಯ ಒಳಮೈಯನ್ನು ಒರಟು ಉಪ್ಪುಕಾಗದದಲ್ಲಿ ಗೀಚಿ, ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಹೀಗೆ ಮಾಡಿದ್ದು ನಿಂತಿದೆ. ತೇಗದ ಮೇಲೆ ನನ್ನ ದೂರು ಬೇರೆಯದೇ: ಅದರ ನಾರು ಬಿಡುಬಿಡುವಾಗಿ, ಅರಿಸಿನ ಮತ್ತು ಜಿಡ್ಡು ಆ ಗೀರುಗಳಲ್ಲಿ ಕೂತುಬಿಡುತ್ತದೆ. ಎಷ್ಟು ಉಜ್ಜಿದರೂ ಹಿಡಿ ಬೇಗ ಮಾಸಿದಂತೆ ಕಾಣುತ್ತದೆ.

ಬೀಟೆ ಇದಕ್ಕಿಂತ ಎಷ್ಟೋ ಮೇಲು. ಮರ ಒತ್ತಾಗಿದೆ, ತೂಕ ಇದೆ, ಕೈಯಲ್ಲಿ ಹಿಡಿದರೆ ಅಲಗಿನ ಭಾರಕ್ಕೆ ಸಮವಾಗಿ ಕೂರುತ್ತದೆ. ಉಪ್ಪುಕಾಗದ ಹಾಕಿದಷ್ಟೂ ನೇರಳೆಗಪ್ಪಿನ ಗೆರೆಗಳು ಒಡಮೂಡುತ್ತವೆ. ಇದಕ್ಕೂ ಅಸಿಟೋನ್ ಒರೆಸಲೇಬೇಕು. ಇದರ ಧೂಳು ಕೆಲವರ ಚರ್ಮಕ್ಕೆ ತುರಿಕೆ ತರಿಸುತ್ತದೆ, ಮಾಸ್ಕ್ ಬೇಕೇ ಬೇಕು. ಆದರೆ ಚಾಕುವಿನ ಹಿಡಿಗಾಗಿ ಹೊಸ ಬೀಟೆ ಕೊಳ್ಳಬೇಡಿ. ಕಾಡಿನಲ್ಲಿ ಈ ಮರ ಕಮ್ಮಿಯಾಗುತ್ತಿದೆ. 2017ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವಹಿವಾಟನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಡಿ ನಿಯಂತ್ರಣದಲ್ಲಿದೆ. ಮುರಿದ ಹಳೇ ಕುರ್ಚಿಯ ಕಾಲು ಒಂದಿದ್ದರೆ ನಾಲ್ಕಾರು ಚಾಕುಗಳಿಗೆ ಸಾಕು.

ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರವನ್ನೂ ನೋಡಿದೆ. ಬೆಣ್ಣೆಯಂತೆ ಕೆತ್ತಬಹುದು, ಬಣ್ಣ ದಂತದಷ್ಟು ಬಿಳುಪು. ಅಡುಗೆಮನೆಗೆ ಬಂದ ವಾರದಲ್ಲೇ ಅರಿಸಿನ ಹತ್ತಿತು. ಅಲ್ಲದೆ ಚರಕಿಯಲ್ಲಿ ಕಡೆದ ಗುಂಡು ಹಿಡಿ ಕೈಯೊಳಗೆ ತಿರುಗುತ್ತದೆ, ಅಲಗಿನ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯುವುದಿಲ್ಲ. ಯಾವ ಮರವಾದರೂ ಹಿಡಿ ಸ್ವಲ್ಪ ಚಪ್ಪಟೆಯಾಗಿರಲಿ, ಮೊಟ್ಟೆಯಾಕಾರದಲ್ಲಿದ್ದರೆ ಇನ್ನೂ ಒಳ್ಳೆಯದು.

ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಮರವೇ ಅಲ್ಲದ ಹೈಲಮ್. ಎಸ್‌.ಪಿ. ರೋಡಿನಲ್ಲಿ ಎಲೆಕ್ಟ್ರಿಕಲ್ ಕೆಲಸದವರು ಇನ್ಸುಲೇಷನ್‌ಗೆ ಕೊಳ್ಳುವ ಕಂದು ಹಲಗೆ ಇದು. ಕಾಗದ ಇಲ್ಲವೇ ಹತ್ತಿ ಬಟ್ಟೆಯ ಪದರಗಳನ್ನು ಬೇಕಲೈಟ್ ಜಾತಿಯ ರಾಳದಲ್ಲಿ ಅದ್ದಿ, ಕಾಯಿಸಿ, ಒತ್ತಿ ಮಾಡಿರುತ್ತಾರೆ. ಹೊರದೇಶದ ದುಬಾರಿ ಚಾಕುಗಳಲ್ಲಿ ಮೈಕಾರ್ಟಾ ಎಂದು ಮೆರೆಯುವುದೂ ಇದೇ ಕುಲದ ವಸ್ತು. ಅಂಗಡಿಯವರು "ಪೇಪರ್‌ದಾ ಸಾರ್, ಬಟ್ಟೇದಾ?" ಅಂತ ಕೇಳುತ್ತಾರೆ. ಬಟ್ಟೆಯದ್ದನ್ನೇ ಕೇಳಿ. ಕಾಗದದ್ದು ನುಣುಪು, ಒದ್ದೆಯಾದರೆ ಜಾರುತ್ತದೆ. ಬಟ್ಟೆಯದ್ದನ್ನು ಹೊಳಪು ಬರಿಸದೆ ಒರಟು ಕಾಗದದಲ್ಲೇ ನಿಲ್ಲಿಸಿದರೆ, ಮೀನು ತೊಳೆಯುವ ಕೈಗೂ ಹಿಡಿತ ತಪ್ಪುವುದಿಲ್ಲ. ಅಂಚನ್ನು ದುಂಡಗೆ ಅರದಲ್ಲಿ ಉಜ್ಜುತ್ತಾ ಹೋದಂತೆ ಪದರಗಳು ಒಂದರ ಕೆಳಗೊಂದು ಗೆರೆಗೆರೆಯಾಗಿ ತೆರೆದುಕೊಳ್ಳುತ್ತವೆ, ಹತ್ತಿರ ಹಿಡಿದು ನೋಡಿದರೆ ನೂಲಿನ ಹಾಸು ಹೊಕ್ಕು ಸಹ ಕಾಣಿಸುತ್ತದೆ. ಮಳೆಗಾಲದಲ್ಲಿ ಉಬ್ಬಲಿಲ್ಲ, ಮಾರ್ಚಿ ತಿಂಗಳ ಒಣಗಾಳಿಯಲ್ಲಿ ಕುಗ್ಗಲೂ ಇಲ್ಲ. ಸಂದಿಯಲ್ಲಿ ಉಗುರು ಆಡಿಸಿದರೂ ಗೆರೆ ತಗಲುವುದಿಲ್ಲ. ಕೊಯ್ಯುವಾಗ, ಉಜ್ಜುವಾಗ ಮಾತ್ರ ಘಾಟು ವಾಸನೆ ಮೂಗಿಗೆ ಬಡಿಯುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡು, ಕಾಗದವನ್ನು ನೀರಲ್ಲಿ ನೆನೆಸಿಕೊಂಡೇ ಉಜ್ಜಬೇಕು.

ಪಟ್ಟಿ ಹಿಡಿಗಳಿಗೆಲ್ಲ ನಾನು ಬಳಸಿದ್ದು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅಂಟು, ಜೊತೆಗೆ ಹಿತ್ತಾಳೆ ಸರಳಿನ ಮೊಳೆ. ಐದು ನಿಮಿಷದ್ದು ಆತುರಕ್ಕೆ ಸರಿ, ನೀರಿನಲ್ಲಿ ಬಾಳುವುದು ನಿಧಾನದ್ದೇ. ಬಡಗಿಗಳ ಮಾಮೂಲಿ ಬಿಳಿ ಅಂಟು ಉಕ್ಕಿಗೆ ಹಿಡಿಯುವುದಿಲ್ಲ. ಕ್ಲಾಂಪನ್ನು ಜೋರಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಬರಿದಾಗುತ್ತದೆ. ಮೆಲ್ಲಗೆ ಬಿಗಿದು ರಾತ್ರಿಯಿಡೀ ಬಿಡಿ.

ಬಾಲದ ಚಾಕುವಿನ ವಿಷಯದಲ್ಲಿ ಮಾತ್ರ ಹೈಲಮ್ ಸೋತಿತು. ಹಲಗೆಯ ದಪ್ಪದಲ್ಲಿ ಉದ್ದ ತೂತು ಕೊರೆಯುವುದು ಕಷ್ಟ, ಪದರ ಬಿಡುವ ಭಯ ಬೇರೆ. ಅಲ್ಲಿ ಗೆದ್ದದ್ದು ಹುಣಸೆ ಮತ್ತು ಅರಗು. ಹುಣಸೆ ಮರದ ತಿರುಳು ಎಷ್ಟು ಗಟ್ಟಿ ಅನ್ನುವುದು ಮಾಂಸದಂಗಡಿಯ ಕೊರಡನ್ನು ನೋಡಿದವರಿಗೆ ಗೊತ್ತು. ಬಾಲಕ್ಕಿಂತ ಸ್ವಲ್ಪ ದೊಡ್ಡ ತೂತು ಕೊರೆದು, ನಗರ್ತಪೇಟೆ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಯಿಂದ ತಂದ ಅರಗನ್ನು ಪುಡಿ ಮಾಡಿ, ನುಣ್ಣಗಿನ ಇಟ್ಟಿಗೆ ಪುಡಿ ಬೆರೆಸಿ ತುಂಬಿದೆ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕಾಯಿಸಿ ತೂತಿಗೆ ಒತ್ತಿದರೆ ಅರಗು ಕರಗಿ ಸುತ್ತಲೂ ಹರಡಿ, ಆರುತ್ತಲೇ ಕಲ್ಲಾಗುತ್ತದೆ. ಒದ್ದೆ ಬಟ್ಟೆ ಮರೆಯಬಾರದು: ಬಾಯಿಯ ಉಕ್ಕಿಗೆ ನೀಲಿ ಬಣ್ಣ ಬರುವಷ್ಟು ಕಾವು ಹತ್ತಿದರೆ ಹದ ಹೋಯಿತೆಂದೇ ಅರ್ಥ. ನಮ್ಮ ದೇಶದ ಹಳೇ ಕತ್ತಿಗಳನ್ನು ಹಿಡಿಗೆ ಕೂರಿಸಿದ್ದೂ ಇಂಥ ಅರಗಿನಿಂದಲೇ.

ಅರಗು ಸುಮಾರು 75ರಿಂದ 80 ಡಿಗ್ರಿಗೆ ಕರಗುತ್ತದೆ. ಕುದಿಯುವ ನೀರಿಗೆ ಹಾಕಿದರೆ, ಡಿಶ್‌ವಾಷರ್‌ಗೆ ಇಟ್ಟರೆ ಹಿಡಿ ಸಡಿಲಾಗುತ್ತದೆ. ಆದರೆ ಅದೇ ಗುಣದಿಂದ ಮುಂದೆ ಯಾರಾದರೂ ಬಾಲವನ್ನು ಬಿಸಿ ಮಾಡಿ, ಹಿಡಿ ಎಳೆದು, ತುಕ್ಕು ಕೆರೆದು ಮತ್ತೆ ಕೂರಿಸಬಹುದು. ಅರಾಲ್ಡೈಟ್ ಹಾಕಿದ ಹಿಡಿಯನ್ನು ಒಡೆಯದೆ ಬಿಚ್ಚುವುದು ಬಲು ಕಷ್ಟ. ಅಜ್ಜಿಯ ಚಾಕುವಿಗೆ ನಾನು ಅರಗನ್ನೇ ಆರಿಸಿದ್ದು ಈ ಕಾರಣಕ್ಕೆ. ದಿನವೂ ಈರುಳ್ಳಿ ಹೆಚ್ಚುವ ಅಗಲ ಚಾಕುವಿಗೆ ಬಟ್ಟೆ ಹೈಲಮ್. ಹಳೇ ಬೀಟೆ ಕೈಗೆ ಸಿಕ್ಕಿದರೆ ಹಣ್ಣು ಹೆಚ್ಚುವ ಸಣ್ಣ ಚಾಕುವಿಗೆ ಹಾಕುತ್ತೇನೆ. ತೇಗಕ್ಕೆ ಮತ್ತೆ ಹೋಗುವುದಿಲ್ಲ.

ಕೊನೆಯ ಕೆಲಸ ಎಣ್ಣೆ. ಮರದ ಹಿಡಿಗೆ ಕೊಬ್ಬರಿ ಎಣ್ಣೆ ಸವರುವ ರೂಢಿ ಇದೆ, ಆದರೆ ಅದು ಆರಿ ಗಟ್ಟಿಯಾಗುವ ಎಣ್ಣೆಯಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಆರಿ ಪೊರೆ ಕಟ್ಟುತ್ತದೆ. ತೆಳ್ಳಗೆ ಹಚ್ಚಿ, ಒರೆಸಿ, ದಿನಗಟ್ಟಲೆ ಆರಲು ಬಿಟ್ಟು ಇನ್ನೊಮ್ಮೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಆ ಎಣ್ಣೆ ಆರುವಾಗ ಹುಟ್ಟುವ ಶಾಖಕ್ಕೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.